ಹಸಿರು ಪಟಾಕಿ ಬಂದರೂ ನಾಯಿ ಏಕೆ ನಡುಗುತ್ತದೆ?

ದೀಪಾವಳಿ ಹತ್ತಿರವಾದಂತೆ ಕೆಲವು ವರ್ಷಗಳಿಂದ ರಾಜ್ಯದಲ್ಲಿ ಕೇಳಿಬರುವ ಸೂಚನೆ ಹೆಚ್ಚುಕಡಿಮೆ ಒಂದೇ: ಹಸಿರು ಪಟಾಕಿ ಮಾತ್ರ, ಅದೂ ರಾತ್ರಿ 8ರಿಂದ 10ರವರೆಗೆ ಮಾತ್ರ. 2025ರ ಅಕ್ಟೋಬರ್‌ನಲ್ಲಿ ದೆಹಲಿ ಮತ್ತು ಸುತ್ತಲಿನ ಪ್ರದೇಶದ ನಿಷೇಧವನ್ನು ಸಡಿಲಿಸಿ ಹಸಿರು ಪಟಾಕಿಗೆ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಾಗ ಈ ಚರ್ಚೆ ದೇಶದಾದ್ಯಂತ ಮತ್ತೆ ಎದ್ದಿತು. ನಾಯಿ ಸಾಕಿದ ಮನೆಗಳಲ್ಲಿ ಇದರಿಂದ ಒಂದು ಗೊಂದಲ ಉಳಿದಿದೆ. ಹಸಿರು ಎಂದಮೇಲೆ ಸದ್ದೂ ಕಡಿಮೆ ಇರಬೇಕಲ್ಲ, ಎರಡೇ ಗಂಟೆಯ ಮಾತಲ್ಲವೇ, ಹಾಗಿದ್ದರೂ ನಾಯಿ ಮಂಚದಡಿಯಿಂದ ಬೆಳಗಿನವರೆಗೆ ಏಕೆ ಹೊರಬರುವುದಿಲ್ಲ?

ಪಟಾಕಿಯ ನಿಯಮ ಅಳೆಯುವುದು ಒಂದನ್ನು, ನಾಯಿಯನ್ನು ಹೆದರಿಸುವುದು ಇನ್ನೊಂದು. ಹಾಗಾಗಿ ಪೆಟ್ಟಿಗೆಯ ಮೇಲಿನ ಮುದ್ರೆ ನೋಡಿ ನಿಶ್ಚಿಂತರಾಗುವಂತಿಲ್ಲ. ನಾಯಿಯ ಮೈಯನ್ನೇ ಓದಬೇಕು, ಅದನ್ನೂ ನಡುಕ ಶುರುವಾಗುವ ಮೊದಲೇ ಓದಬೇಕು.

‘ಹಸಿರು’ ಹೊಗೆಯ ಲೆಕ್ಕ

2018ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಕಡಿಮೆ ಮಾಲಿನ್ಯದ ಪಟಾಕಿಗಳಿಗೆ ಮಾತ್ರ ಅನುಮತಿ ಕೊಟ್ಟು, ದೀಪಾವಳಿಗೆ ರಾತ್ರಿ 8ರಿಂದ 10ರ ಅವಧಿ ಗೊತ್ತುಮಾಡಿತು. ಸರಪಟಾಕಿಯನ್ನೂ ಬೇರಿಯಂ ಲವಣಗಳ ಬಳಕೆಯನ್ನೂ ನಿಷೇಧಿಸಿತು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯಡಿಯ ನಾಗಪುರದ ‘ನೀರಿ’ ಸಂಸ್ಥೆ ಇದಕ್ಕೆ ಹೊಂದುವ ಮಿಶ್ರಣಗಳನ್ನು ರೂಪಿಸಿತು. ಸ್ವಾಸ್, ಸಫಲ್, ಸ್ಟಾರ್ ಎಂಬ ಹೆಸರಿನವು ಇವೇ. ಹೊಗೆಯಲ್ಲಿನ ಸೂಕ್ಷ್ಮ ಕಣಗಳನ್ನು ಕನಿಷ್ಠ ಶೇ 30ರಷ್ಟು ಇಳಿಸುವುದು ಇವುಗಳ ಮುಖ್ಯ ಗುರಿ.

ಸದ್ದಿನ ಮಿತಿ ಇದಕ್ಕಿಂತ ಹಳೆಯದು. ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಅಳೆದರೆ 125 ಡೆಸಿಬಲ್ ದಾಟುವಂತಿಲ್ಲ ಎಂಬುದು 1999ರ ಕೇಂದ್ರ ನಿಯಮ. ಹಸಿರು ಪಟಾಕಿಯ ಕೆಲವು ಬಗೆಗಳ ಸದ್ದು ಇದಕ್ಕಿಂತ ಕಡಿಮೆ ಇರುವುದು ನಿಜ. ಆದರೆ ಕಡಿಮೆಯಾದದ್ದು ಎಷ್ಟು ಎಂದು ನೋಡಬೇಕು. ಬಯಲಿನಲ್ಲಿ ದೂರ ದುಪ್ಪಟ್ಟಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 4 ಮೀಟರಿನಲ್ಲಿ 125 ಇದ್ದದ್ದು 16 ಮೀಟರಿನಲ್ಲಿ 113, 64 ಮೀಟರಿನಲ್ಲಿ 101. ಇದು ಬಯಲಿನ ಲೆಕ್ಕ. ಮೂವತ್ತಡಿ ರಸ್ತೆಯ ಎರಡೂ ಬದಿ ಮೂರು ಮಹಡಿಯ ಮನೆಗಳಿದ್ದರೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮರಳುತ್ತದೆ, ಅಷ್ಟು ಬೇಗ ಇಳಿಯುವುದಿಲ್ಲ. ಹೊಸ ಪಟಾಕಿಯ ಸದ್ದು ಹತ್ತು ಡೆಸಿಬಲ್ ತಗ್ಗಿದ್ದರೂ ಪಕ್ಕದ ಮನೆಯ ಗೇಟಿನ ಮುಂದೆ ಸಿಡಿದಾಗ ಆ ಲಾಭ ಕರಗಿಹೋಗುತ್ತದೆ.

ಹೆದರಿಕೆಗೆ ಡೆಸಿಬಲ್ ಒಂದೇ ಕಾರಣವಲ್ಲ

ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಜ್‌ವರೆಗಿನ ಧ್ವನಿ ಕೇಳಿದರೆ ನಾಯಿಗೆ ಸುಮಾರು 45,000 ಹರ್ಟ್ಜ್‌ವರೆಗೆ ಕೇಳುತ್ತದೆ. ರಾಕೆಟ್ಟು ಮೇಲೇರುವಾಗಿನ ಕೀರಲು ನಮಗಿಂತ ನಾಯಿಗೆ ತೀಕ್ಷ್ಣ. ಆದರೂ ಭಯದ ಬೇರು ಇಲ್ಲಿಲ್ಲ. ಪಟಾಕಿಯ ಸದ್ದು ಏಕಾಏಕಿ ಶಿಖರಕ್ಕೇರುತ್ತದೆ, ಮುಂದಿನದು ಯಾವಾಗ, ಯಾವ ದಿಕ್ಕಿನಿಂದ ಎಂಬ ಸುಳಿವೇ ಇರುವುದಿಲ್ಲ, ತಪ್ಪಿಸಿಕೊಳ್ಳುವ ದಾರಿ ನಾಯಿಗೆ ಕಾಣುವುದಿಲ್ಲ. ಈ ಮೂರೂ ಸೇರಿದಾಗ ಬೆಚ್ಚುವಿಕೆ ಭಯವಾಗುತ್ತದೆ. ಮಿಕ್ಸಿ ದಿನವೂ ಸದ್ದು ಮಾಡಿದರೂ ನಾಯಿ ಪಕ್ಕದಲ್ಲೇ ಮಲಗಿರುತ್ತದೆ, ಏಕೆಂದರೆ ಮಿಕ್ಸಿ ಎಲ್ಲಿದೆ, ಯಾವಾಗ ನಿಲ್ಲುತ್ತದೆ ಎಂಬುದು ಅದಕ್ಕೆ ಗೊತ್ತು.

ಎರಡು ಗಂಟೆಯ ಮಿತಿ ನಾಯಿಗೆ ಅಷ್ಟಾಗಿ ನೆರವಾಗದಿರುವುದಕ್ಕೂ ಕಾರಣವಿದೆ. ಹೆದರಿದ ದೇಹದಲ್ಲಿ ಏರಿದ ಒತ್ತಡದ ಹಾರ್ಮೋನು ಸದ್ದು ನಿಂತ ಕೂಡಲೇ ಇಳಿಯುವುದಿಲ್ಲ. ನಮ್ಮಲ್ಲಿ ಹಬ್ಬ ಒಂದು ರಾತ್ರಿಗೆ ಮುಗಿಯುವುದೂ ಇಲ್ಲ: ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆಸ್ನಾನದ ಹೊತ್ತಿಗೆ ಪಟಾಕಿ, ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ, ಬಲಿಪಾಡ್ಯಮಿಗೆ ಮತ್ತೆ. ಮೊದಲ ದಿನದ ಒತ್ತಡ ಇಳಿಯುವ ಮೊದಲೇ ಎರಡನೆಯ ದಿನದ್ದು ಅದರ ಮೇಲೆ ಕೂರುತ್ತದೆ. ಮೊದಲ ರಾತ್ರಿ ಕಿವಿ ನಿಮಿರಿಸಿ ಸುಮ್ಮನಾದ ನಾಯಿ ಮೂರನೆಯ ರಾತ್ರಿ ಬಾಗಿಲು ಪರಚುವುದು ಹೀಗೆ. ಆ ಹೊತ್ತಿಗೆ ಬಾಗಿಲ ಗಂಟೆ, ಕುಕ್ಕರ್ ಸೀಟಿಯಂಥ ನಿತ್ಯದ ಸದ್ದಿಗೂ ಅದು ಬೆಚ್ಚಬಹುದು.

ಇದು ಅಪರೂಪದ ತೊಂದರೆಯೇನಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 13,700 ಸಾಕುನಾಯಿಗಳ ಬಗ್ಗೆ ಒಡೆಯರಿಂದ ಮಾಹಿತಿ ಪಡೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತಂಕಕ್ಕೆ ಸಂಬಂಧಿಸಿದ ತೊಂದರೆಗಳಲ್ಲೆಲ್ಲ ಸದ್ದಿನ ಭಯವೇ ಮೊದಲ ಸ್ಥಾನದಲ್ಲಿತ್ತು: ಶೇ 32. ಅದರೊಳಗೂ ಪಟಾಕಿಯ ಭಯವೇ ಹೆಚ್ಚು.

ನಡುಕಕ್ಕೆ ಮುಂಚಿನ ಭಾಷೆ

ಬಾಲ ಹೊಟ್ಟೆಯಡಿಗೆ ಸೇರಿ ಮೈ ನಡುಗುವಾಗ ಯಾರಿಗಾದರೂ ಭಯ ಕಾಣುತ್ತದೆ. ಅಷ್ಟು ಹೊತ್ತಿಗೆ ನಾಯಿಗೆ ನೆರವಾಗುವ ಸುಲಭದ ದಾರಿಗಳು ಮುಚ್ಚಿರುತ್ತವೆ. ಅದಕ್ಕೂ ಹತ್ತಿಪ್ಪತ್ತು ನಿಮಿಷ ಮೊದಲೇ ಸಣ್ಣ ಸೂಚನೆಗಳು ಬಂದಿರುತ್ತವೆ. ಎದುರಿಗೆ ತಿನಿಸೇನೂ ಇಲ್ಲದಿದ್ದರೂ ನಾಲಿಗೆ ಥಟ್ಟನೆ ಹೊರಬಂದು ಮೂಗು ನೆಕ್ಕುತ್ತದೆ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಕೆ ಬರುತ್ತದೆ. ಮುಖ ತಿರುಗಿಸಿಕೊಂಡು ಕಣ್ಣನ್ನು ಮಾತ್ರ ಸದ್ದಿನತ್ತ ಇಟ್ಟಾಗ ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತದೆ. ಕಿವಿ ಹಿಂದಕ್ಕೆ ಅಂಟುತ್ತದೆ, ಬಾಯಿ ಬಿಗಿಯಾಗಿ ಮುಚ್ಚಿ ತುಟಿಯ ಮೂಲೆಗಳು ಹಿಂದಕ್ಕೆ ಎಳೆಯುತ್ತವೆ, ಒಂದು ಮುಂಗಾಲು ನೆಲ ಬಿಟ್ಟು ಎತ್ತಿಕೊಳ್ಳುತ್ತದೆ. ಮೈ ಒದ್ದೆಯಾಗಿಲ್ಲದಿದ್ದರೂ ಮೂಗಿನಿಂದ ಬಾಲದವರೆಗೆ ಕೊಡವಿಕೊಳ್ಳುತ್ತದೆ.

ಇವುಗಳಲ್ಲಿ ಒಂದನ್ನು ಮಾತ್ರ ಹಿಡಿದು ತೀರ್ಮಾನಕ್ಕೆ ಬಂದರೆ ತಪ್ಪಾಗುತ್ತದೆ. ಆಕಳಿಕೆ ಬರಿಯ ನಿದ್ದೆಯೂ ಇರಬಹುದು, ಸ್ನಾನದ ನಂತರ ಮೈ ಕೊಡವುವುದು ಸಹಜವೇ. ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ಸೂಚನೆ ಈಗ, ಇಲ್ಲಿ ಬರಲು ಬೇರೆ ಕಾರಣವಿದೆಯೇ? ಜೊತೆಗೆ ಇನ್ನೊಂದೆರಡು ಸೂಚನೆ ಇವೆಯೇ? ನಮ್ಮ ನಾಯಿಯ ದಿನನಿತ್ಯದ ರೀತಿಗಿಂತ ಇದು ಬೇರೆಯೇ? ಮೂರನೆಯದಕ್ಕೆ ಉತ್ತರ ಸಿಗಬೇಕಾದರೆ ನಿತ್ಯದ ರೀತಿ ಮೊದಲೇ ಗೊತ್ತಿರಬೇಕು. ಹಬ್ಬಕ್ಕೆ ಮುನ್ನ ಯಾವುದಾದರೂ ಶಾಂತ ಸಂಜೆ ನಾಯಿ ಹೇಗೆ ಮಲಗುತ್ತದೆ, ಬಾಲ ಯಾವ ಎತ್ತರದಲ್ಲಿರುತ್ತದೆ ಎಂಬುದನ್ನು ಫೋನಿನಲ್ಲಿ ಎರಡು ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ವೈದ್ಯರಿಗೆ ತೋರಿಸಲೂ ಅದು ಬೇಕಾಗುತ್ತದೆ.

ಏದುಸಿರಿನ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ವಿಶ್ರಾಂತಿಯಲ್ಲಿರುವ ನಾಯಿ ನಿಮಿಷಕ್ಕೆ 10ರಿಂದ 30 ಬಾರಿ ಉಸಿರಾಡುತ್ತದೆ. ಎದೆ ಏರಿಳಿಯುವುದನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಸೆಕೆಯಿಲ್ಲದೆ, ಓಡಾಟವಿಲ್ಲದೆ ಬಾಯಿ ತೆರೆದು ಬೇಗಬೇಗ ಉಸಿರಾಡುತ್ತಿದ್ದರೆ, ಜೊತೆಗೆ ಹುಬ್ಬಿನ ನಡುವೆ ಗೆರೆ ಮೂಡಿ ಕಣ್ಣಪಾಪೆ ಹಿಗ್ಗಿದ್ದರೆ ಅದು ಒತ್ತಡ. ಆದರೆ ಸದ್ದು ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಸೆಕೆಯಿಂದಲೂ ಏದುಸಿರು ಬರುತ್ತದೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಇದು ಪ್ರಾಣಾಪಾಯ. ನಾಯಿಯ ಸಾಮಾನ್ಯ ದೇಹದ ಉಷ್ಣತೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 40 ದಾಟಿದರೆ ತಡಮಾಡದೆ ಮೈಗೆ ನೀರು ಹಾಕಿ, ಫ್ಯಾನ್ ಕೆಳಗಿಟ್ಟು ವೈದ್ಯರ ಬಳಿ ಒಯ್ಯಬೇಕು.

ಕೆಲವು ಸೂಚನೆಗಳು ತಡವಾಗಿ ಗಮನಕ್ಕೆ ಬರುತ್ತವೆ: ಜೊಲ್ಲು, ಮುಟ್ಟಿದರೆ ಕೈತುಂಬ ಉದುರುವ ಕೂದಲು, ತೆಳು ಮಲ, ಹೊರಗೆ ಮಾತ್ರ ಮೂತ್ರ ಮಾಡುವ ನಾಯಿ ಮನೆಯೊಳಗೆ ಮಾಡುವುದು. ಇದಕ್ಕೆ ಗದರಿಸಿದರೆ, ಈಗಾಗಲೇ ಹೆದರಿದ ನಾಯಿಗೆ ಮನೆಯವರೂ ಭಯದ ಕಾರಣವಾಗುತ್ತಾರೆ.

ಸುಮ್ಮನೆ ಬಿದ್ದಿರುವ ನಾಯಿ

‘ನಮ್ಮ ನಾಯಿಗೆ ಅಭ್ಯಾಸವಾಗಿದೆ, ಒಂದು ಮೂಲೆಯಲ್ಲಿ ಸುಮ್ಮನೆ ಮಲಗಿರುತ್ತದೆ’ ಎನ್ನುವವರು ಬಹಳ. ಭಯಕ್ಕೆ ನಾಯಿ ಓಡಿಹೋಗಬಹುದು, ತಿರುಗಿಬೀಳಬಹುದು ಅಥವಾ ಮರಗಟ್ಟಿದಂತೆ ಕೂರಬಹುದು. ಕೊನೆಯದನ್ನು ನೆಮ್ಮದಿ ಎಂದು ತಿಳಿಯುವುದೇ ದೊಡ್ಡ ತಪ್ಪು. ಪರೀಕ್ಷಿಸಲು ಸುಲಭದ ದಾರಿ ತಿನಿಸು. ನೆಮ್ಮದಿಯಾಗಿರುವ ನಾಯಿ ಹೆಸರು ಕರೆದರೆ ಕಿವಿ ಆಡಿಸುತ್ತದೆ, ಬೇಯಿಸಿದ ಕೋಳಿಯ ತುಣುಕು ಕೊಟ್ಟರೆ ಮೆಲ್ಲಗೆ ತೆಗೆದುಕೊಳ್ಳುತ್ತದೆ, ಮೈಯನ್ನು ಒಂದು ಮಗ್ಗುಲಿಗೆ ಸಡಿಲ ಬಿಟ್ಟಿರುತ್ತದೆ. ಮರಗಟ್ಟಿದ ನಾಯಿ ಕಾಲುಗಳನ್ನು ಅಡಿಗೆ ಮಡಚಿಕೊಂಡು, ಕತ್ತು ಬಿಗಿಹಿಡಿದು, ಪ್ರಿಯವಾದ ತಿನಿಸನ್ನೂ ಮೂಸದೆ ಬಿಡುತ್ತದೆ. ನಡುವಿನ ಸ್ಥಿತಿಯೂ ಇದೆ: ತಿನ್ನುತ್ತದೆ, ಆದರೆ ಎಂದೂ ಮೆಲ್ಲಗೆ ತೆಗೆದುಕೊಳ್ಳುವ ನಾಯಿ ಕೈಬೆರಳಿಗೆ ಹಲ್ಲು ತಾಗುವಂತೆ ಕಸಿದುಕೊಳ್ಳುತ್ತದೆ. ಭಯ ಏರುತ್ತಿದೆ ಎಂದು ಅರ್ಥ.

ಮಂಚದಡಿ ಸೇರಿದ ನಾಯಿಯನ್ನು ಎಳೆಯುವುದು ಕಚ್ಚುವಿಕೆಗೆ ನೇರ ದಾರಿ. ಹಬ್ಬಕ್ಕೆ ಬಂದ ನೆಂಟರ ಮಕ್ಕಳು ಪ್ರೀತಿಯಿಂದಲೇ ಕೈಚಾಚುತ್ತಾರೆ. ನಾಯಿಗೆ ಹಿಂದೆ ಗೋಡೆ, ಮುಂದೆ ಕೈ. ಮನೆಯ ನಾಯಿಯೇ ಕಚ್ಚಿದರೂ, ಲಸಿಕೆ ಹಾಕಿಸಿದ್ದರೂ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು.

ಮುದ್ದಿಸಿದರೆ ಭಯ ಹೆಚ್ಚುತ್ತದೆಯೇ?

ಹೆದರಿದ ನಾಯಿಯನ್ನು ಸವರಿ ಸಮಾಧಾನ ಮಾಡಿದರೆ ಹೆದರಿದ್ದಕ್ಕೆ ಬಹುಮಾನ ಕೊಟ್ಟಂತೆ, ಮುಂದಿನ ಸಲ ಇನ್ನೂ ಹೆದರುತ್ತದೆ ಎಂದು ಹಳೆಯ ಪದ್ಧತಿಯ ತರಬೇತುದಾರರು ಈಗಲೂ ಹೇಳುತ್ತಾರೆ. ವರ್ತನೆಯನ್ನು ಅಧ್ಯಯನ ಮಾಡುವ ಪಶುವೈದ್ಯರು ಇದನ್ನು ಒಪ್ಪುವುದಿಲ್ಲ. ಬಹುಮಾನದಿಂದ ಹೆಚ್ಚುವುದು ನಾಯಿ ಬೇಕೆಂದು ಮಾಡುವ ಕೆಲಸ: ಕುಳಿತುಕೊಳ್ಳುವುದು, ಕೈಕೊಡುವುದು. ಭಯ ಬೇಕೆಂದು ಮಾಡುವಂಥದ್ದಲ್ಲ, ಸವರಿದ್ದಕ್ಕಾಗಿ ಅದು ಬೆಳೆಯುವುದಿಲ್ಲ. ಎರಡನೆಯ ನಿಲುವೇ ಸರಿ. ಆದರೆ ಒಂದು ಎಚ್ಚರ ಬೇಕು: ನಾಯಿ ತಾನಾಗಿ ಬಂದು ಒರಗಿದರೆ ಅಂಗೈ ಒತ್ತಿ ನಿಧಾನವಾಗಿ ಸವರಿ, ದೂರ ಹೋಗಿ ಅಡಗಿದರೆ ಹಾಗೇ ಬಿಡಿ. ಗಾಬರಿಯ ದನಿಯಲ್ಲಿ ‘ಅಯ್ಯೋ, ಏನಾಯ್ತು’ ಎಂದು ಸುತ್ತುವರಿಯುವುದರಿಂದ ನೆರವಾಗುವುದಿಲ್ಲ.

ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಸಾವಿರಕ್ಕೂ ಹೆಚ್ಚು ನಾಯಿಗಳ ಒಡೆಯರನ್ನು ವಿಚಾರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಉಪಯುಕ್ತ. ಪ್ರತಿ ಸಿಡಿತದ ಬೆನ್ನಿಗೇ ಇಷ್ಟದ ತಿನಿಸು ಅಥವಾ ಆಟ ಕೊಟ್ಟವರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಉಪಯೋಗವಾಯಿತು ಎಂದರು. ವೈದ್ಯರು ಬರೆದುಕೊಟ್ಟ ಔಷಧ ಮತ್ತು ಮೈಸಡಿಲಿಸುವ ತರಬೇತಿಯ ಫಲವೂ ಹೆಚ್ಚುಕಡಿಮೆ ಅಷ್ಟೇ. ಪಟಾಕಿಯ ಧ್ವನಿಮುದ್ರಿಕೆ ಕೇಳಿಸಿ ಅಭ್ಯಾಸ ಮಾಡಿಸುವ ತರಬೇತಿಗೆ ಶೇ 55. ವಾಸನೆಯ ಡಿಫ್ಯೂಸರ್, ಗಿಡಮೂಲಿಕೆ, ಹೋಮಿಯೋಪಥಿಯಂಥವುಗಳಿಗೆ ಶೇ 27ರಿಂದ 35, ಅಂದರೆ ಹುಸಿಮದ್ದಿನಿಂದಲೂ ಸಿಗಬಹುದಾದಷ್ಟೇ. ಹಬ್ಬದ ಹೊತ್ತಿಗೆ ಶಾಂತಗೊಳಿಸುವ ಕೊರಳಪಟ್ಟಿ, ಎಣ್ಣೆಗಳಿಗೆ ಹಣ ಸುರಿಯುವ ಮೊದಲು ಈ ಅಂಕಿ ನೋಡಬೇಕು.

ತಿನಿಸಿನ ಕ್ರಮದಲ್ಲಿ ತಪ್ಪಾಗುವುದು ಒಂದೇ ಕಡೆ. ಸದ್ದು ಮೊದಲು, ತಿನಿಸು ಆಮೇಲೆ, ನಡುವೆ ಒಂದೆರಡು ಸೆಕೆಂಡು. ತಿನಿಸು ಮೊದಲು ಕೊಟ್ಟು ಸದ್ದು ಆಮೇಲೆ ಬಂದರೆ ತಿನಿಸೇ ಅಪಾಯದ ಮುನ್ಸೂಚನೆಯಾಗಿಬಿಡುತ್ತದೆ. ಬೇಯಿಸಿದ ಕೋಳಿ ಅಥವಾ ಪನೀರನ್ನು ಬಟಾಣಿ ಗಾತ್ರಕ್ಕೆ ಕತ್ತರಿಸಿ ನೂರು ತುಣುಕು ಸಿದ್ಧವಿಡಿ, ರಾತ್ರಿಯ ಊಟದಲ್ಲಿ ಅಷ್ಟು ಕಡಿಮೆ ಮಾಡಿ. ನಾಯಿ ತಿನ್ನುವುದನ್ನು ನಿಲ್ಲಿಸಿದರೆ ಈ ಕ್ರಮದ ಹೊತ್ತು ಮೀರಿತು, ಒತ್ತಾಯ ಬೇಡ. ಹಬ್ಬದ ಸಿಹಿ ಮಾತ್ರ ಕೊಡಲೇಬಾರದು: ಕೇಸರಿಬಾತು, ಪಾಯಸದಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಹಾಳುಮಾಡಬಲ್ಲದು, ಚಾಕೊಲೇಟ್ ಕೂಡ ವಿಷ.

‘ಅಭ್ಯಾಸ ಮಾಡಿಸುವುದು’ ಎಂದರೆ ಏನು

ಪಟಾಕಿ ಹೊಡೆಯುವಲ್ಲಿಗೇ ನಾಯಿಯನ್ನು ಕರೆದೊಯ್ದು ನಿಲ್ಲಿಸಿದರೆ ಭಯ ಬಿಡುತ್ತದೆ ಎಂಬ ವಾದವಿದೆ. ಆಗುವುದು ತದ್ವಿರುದ್ಧ. ಓಡಲಾಗದ ಜಾಗದಲ್ಲಿ ಭಯದ ತುದಿ ಮುಟ್ಟಿದ ನಾಯಿಗೆ ಆ ಜಾಗ, ಆ ಚೈನು, ಹಿಡಿದುಕೊಂಡ ಮನುಷ್ಯ, ಎಲ್ಲವೂ ಭಯದ ಜೊತೆ ಬೆಸೆದುಕೊಳ್ಳುತ್ತವೆ.

ಸರಿಯಾದ ಅಭ್ಯಾಸಕ್ಕೆ ವಾರಗಳು ಬೇಕು. ಹಬ್ಬಕ್ಕೆ ಕನಿಷ್ಠ ಎಂಟು ವಾರ ಇರುವಾಗ ಪಟಾಕಿಯ ಧ್ವನಿಮುದ್ರಿಕೆಯನ್ನು ನಾಯಿಯ ಕಿವಿ ಆಡುವಷ್ಟು, ಆದರೆ ಮೈ ಬಿಗಿಯಾಗದಷ್ಟು ಸಣ್ಣ ಸದ್ದಿನಲ್ಲಿ ಐದು ನಿಮಿಷ ಕೇಳಿಸಬೇಕು, ಪ್ರತಿ ಸದ್ದಿಗೂ ಒಂದು ತುಣುಕು. ಸತತ ಮೂರು ದಿನ ಮೂಗು ನೆಕ್ಕುವುದು, ಆಕಳಿಕೆ ಏನೂ ಕಾಣದಿದ್ದರೆ ಮಾತ್ರ ಸದ್ದನ್ನು ಒಂದು ಅಂಕ ಏರಿಸಬೇಕು. ಒಂದು ಸೂಚನೆ ಕಂಡರೂ ಎರಡು ಅಂಕ ಇಳಿಸಬೇಕು. ಇಷ್ಟಾದರೂ ಫೋನಿನ ಸಣ್ಣ ಸ್ಪೀಕರಿನಲ್ಲಿ ಆಳದ ಸದ್ದು ಬರುವುದಿಲ್ಲ, ನೆಲದ ಕಂಪನ, ಮಿಂಚು, ಮದ್ದಿನ ವಾಸನೆ ಯಾವುದೂ ಇರುವುದಿಲ್ಲ. ಹಾಗಾಗಿ ಈ ತರಬೇತಿಯೊಂದನ್ನೇ ನಂಬುವಂತಿಲ್ಲ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಶುರುಮಾಡಿದರೆ ಭಯ ಇನ್ನೂ ಹೆಚ್ಚುತ್ತದೆ, ಆಗ ಮಾಡದಿರುವುದೇ ಮೇಲು. ಇನ್ನೂ ಹೆದರಿಕೆ ಕಲಿಯದ ಮರಿಗಳಿಗೆ ಮಾತ್ರ ಇದರಿಂದ ಹೆಚ್ಚಿನ ಲಾಭ.

ಔಷಧದ ಸುತ್ತಲಿನ ಅಂಜಿಕೆ

ಔಷಧ ಕೊಟ್ಟರೆ ನಾಯಿ ಮಂಕಾಗುತ್ತದೆ ಎಂಬ ಅಂಜಿಕೆಗೆ ಹಿನ್ನೆಲೆಯಿದೆ. ಹಿಂದೆ ಹೆಚ್ಚಾಗಿ ಕೊಡುತ್ತಿದ್ದ ಏಸಿಪ್ರೊಮಜಿನ್ ಮೈಯನ್ನು ಕುಗ್ಗಿಸುತ್ತದೆಯೇ ಹೊರತು ಭಯವನ್ನಲ್ಲ. ಓಡಲಾಗದ ದೇಹದೊಳಗೆ ಭಯ ಹಾಗೇ ಉಳಿಯುತ್ತದೆ. ಹಾಗಾಗಿ ಅದೊಂದನ್ನೇ ಕೊಡುವುದನ್ನು ವರ್ತನಾ ತಜ್ಞರು ಈಗ ಬೇಡವೆನ್ನುತ್ತಾರೆ. ಟ್ರಾಜೊಡೋನ್, ಗ್ಯಾಬಪೆಂಟಿನ್, ಆಲ್ಪ್ರಜೋಲಮ್‌ನಂಥವು ಆತಂಕವನ್ನೇ ಇಳಿಸುತ್ತವೆ. ಸದ್ದಿನ ಭಯಕ್ಕೆಂದೇ ರೂಪಿಸಿದ ಡೆಕ್ಸ್‌ಮೆಡೆಟೊಮಿಡಿನ್ ಜೆಲ್‌ಗೆ ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿದೆ. ಫ್ಲುಒಕ್ಸೆಟಿನ್ ದಿನವೂ ಕೊಡುವಂಥದ್ದು, ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು.

ಯಾವುದು, ಎಷ್ಟು ಎಂಬುದು ತೂಕ, ಹೃದಯ, ಯಕೃತ್ತು, ಈಗಾಗಲೇ ಕೊಡುತ್ತಿರುವ ಔಷಧಗಳನ್ನು ನೋಡಿ ವೈದ್ಯರೇ ಹೇಳಬೇಕು. ಮನೆಯಲ್ಲಿರುವ ಮನುಷ್ಯರ ಮಾತ್ರೆ ಮುರಿದುಕೊಡುವುದು ಅಪಾಯ. ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ವೈದ್ಯರನ್ನು ಕಂಡು, ಶಾಂತವಾದ ಒಂದು ದಿನ ಅದೇ ಪ್ರಮಾಣ ಕೊಟ್ಟು ನೋಡಬೇಕು. ಕೆಲವು ನಾಯಿಗಳು ಈ ಔಷಧಕ್ಕೆ ಶಾಂತವಾಗುವ ಬದಲು ಚಡಪಡಿಸುತ್ತವೆ, ಅದು ಹಬ್ಬದ ರಾತ್ರಿ ಗೊತ್ತಾಗಬಾರದು. ಸಾಮಾನ್ಯವಾಗಿ ಮೊದಲ ಸದ್ದಿಗೆ ಒಂದೆರಡು ಗಂಟೆ ಮೊದಲೇ ಔಷಧ ಹೊಟ್ಟೆಯಲ್ಲಿರಬೇಕು. ನಡುಗತೊಡಗಿದ ಮೇಲೆ ಕೊಟ್ಟರೆ ಅರ್ಧ ಫಲ.

ವಯಸ್ಸಾದ ನಾಯಿ ಈ ವರ್ಷ ಹೊಸದಾಗಿ ಹೆದರತೊಡಗಿದರೆ ಮೊದಲು ಕೀಲು, ಬೆನ್ನು, ಸೊಂಟ ಪರೀಕ್ಷೆ ಮಾಡಿಸಿ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರೂ ಪಾಲ್ಗೊಂಡ 2018ರ ಸಣ್ಣ ಅಧ್ಯಯನವೊಂದರಲ್ಲಿ, ಸದ್ದಿನ ಭಯ ತಡವಾಗಿ ಶುರುವಾದ ನಾಯಿಗಳಲ್ಲಿ ನೋವಿನ ಪಾತ್ರ ಕಂಡುಬಂತು. ಬೆಚ್ಚಿದಾಗ ಸ್ನಾಯು ಬಿಗಿಯಾಗಿ ನೋವಾಗುತ್ತದೆ, ನೋವು ಸದ್ದಿನ ಜೊತೆ ಸೇರಿಕೊಳ್ಳುತ್ತದೆ. ನೋವಿಗೆ ಚಿಕಿತ್ಸೆಯಾಗದೆ ಭಯಕ್ಕೆ ಮಾತ್ರ ಔಷಧ ಕೊಟ್ಟರೆ ಫಲ ಅರೆಬರೆ.

ಆ ಸಂಜೆ

ನಡಿಗೆ ನಾಲ್ಕೂವರೆಗೇ ಮುಗಿಯಲಿ. ಕೊರಳಪಟ್ಟಿಗೆ ಒಂದು, ಹಾರ್ನೆಸ್‌ಗೆ (ಎದೆ ಬಳಸಿ ಕಟ್ಟುವ ಪಟ್ಟಿಗೆ) ಇನ್ನೊಂದು ಚೈನು ಹಾಕಿ. ಏಕೆಂದರೆ ಬೆಚ್ಚಿ ಹಿಂದಕ್ಕೆ ಜಗ್ಗುವ ನಾಯಿಯ ತಲೆಯಿಂದ ಪಟ್ಟಿ ಸುಲಭವಾಗಿ ಜಾರುತ್ತದೆ. ಪಟ್ಟಿಯ ಮೇಲೆ ಈಗ ಬಳಸುತ್ತಿರುವ ಫೋನ್ ನಂಬರ್ ಇರಲಿ. ಹಣತೆ ಇಡಲು, ನೆಂಟರನ್ನು ಬರಮಾಡಿಕೊಳ್ಳಲು ಬಾಗಿಲು ಮತ್ತೆ ಮತ್ತೆ ತೆರೆಯುವ ಸಂಜೆಯಲ್ಲಿ ನಾಯಿ ತಪ್ಪಿಸಿಕೊಳ್ಳುವ ಸಂಭವ ಹೆಚ್ಚು, ಹಾಗಾಗಿ ನಾಯಿಗೂ ಹೊರಬಾಗಿಲಿಗೂ ನಡುವೆ ಇನ್ನೊಂದು ಮುಚ್ಚಿದ ಬಾಗಿಲು ಇರಬೇಕು. ಊಟ ಆರಕ್ಕೆ.

ಕೋಣೆಯನ್ನು ನಾಯಿಯೇ ಆರಿಸಿಕೊಳ್ಳಲಿ. ಕಿಟಕಿಯಿಲ್ಲದ ಬಚ್ಚಲುಮನೆಯನ್ನೋ ದೇವರಮನೆಯ ಪಕ್ಕದ ಮೂಲೆಯನ್ನೋ ಆರಿಸಿದರೆ ಹಾಸಿಗೆಯನ್ನು ಅಲ್ಲಿಗೇ ಹಾಕಿ. ದೀಪ ಉರಿಯುತ್ತಿದ್ದರೆ ಹೊರಗಿನ ಮಿಂಚು ಎದ್ದುಕಾಣುವುದಿಲ್ಲ. ಫ್ಯಾನ್ ಅಥವಾ ಕೂಲರಿನ ಒಂದೇ ಸಮನೆಯ ಸದ್ದು ಹೊರಗಿನದನ್ನು ಸ್ವಲ್ಪ ಮುಚ್ಚುತ್ತದೆ, ಸೆಕೆಯೂ ಆಗುವುದಿಲ್ಲ. ನೀರು ಕೈಗೆಟುಕುವಲ್ಲಿ ಇರಲಿ. ಕಟ್ಟಿಹಾಕಬೇಡಿ, ಒಂಟಿಯಾಗಿ ಬಿಡಬೇಡಿ.

ನಿಯಮ ಎತ್ತ ಸಾಗಬಹುದು

ಹಸಿರು ಮುದ್ರೆಯೇ ಸಾಕು ಎಂಬ ಭಾವನೆ ಬಲವಾದರೆ ಸದ್ದಿನ ಪ್ರಶ್ನೆ ಹಿಂದೆ ಸರಿಯುತ್ತದೆ ಎಂಬುದು ಆತಂಕದ ಸಂಗತಿ. ಹಬ್ಬದ ಸಂಭ್ರಮ ಎರಡು ಗಂಟೆಗೆ ಸೀಮಿತವಾಗಿರುವಾಗ ಇನ್ನೇನು ಕೇಳುತ್ತೀರಿ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಸದ್ದು ಮತ್ತು ಬೆಳಕನ್ನು ಬೇರ್ಪಡಿಸಲು ಸಾಧ್ಯ. ಹೂಕುಂಡ, ಭೂಚಕ್ರ, ಸುರುಸುರುಬತ್ತಿಗೆ ಸಿಡಿಯುವ ಸದ್ದಿಲ್ಲ. ಕೆನಡಾದ ಬ್ಯಾನ್ಫ್ ಪಟ್ಟಣ 2018ರಲ್ಲಿ ಪ್ರಾಣಿಗಳ ದೃಷ್ಟಿಯಿಂದಲೇ ಕಡಿಮೆ ಸದ್ದಿನ ಬಾಣಬಿರುಸಿಗೆ ಬದಲಾಯಿತು. ನಮ್ಮಲ್ಲಿ ವಾರ್ಡಿಗೊಂದು ಮೈದಾನ ಗೊತ್ತುಮಾಡಿ ಸಿಡಿಯುವ ಪಟಾಕಿಯನ್ನು ಅಲ್ಲಿಗೆ ಸೀಮಿತಗೊಳಿಸಿದರೆ ದೂರದ ಲೆಕ್ಕ ನಾಯಿಯ ಪರವಾಗಿ ಕೆಲಸ ಮಾಡುತ್ತದೆ. ಎಲ್ಲಿಂದ, ಯಾವಾಗ ಎಂಬುದು ನಾಯಿ ಸಾಕಿದವರಿಗೂ ಮೊದಲೇ ತಿಳಿದಿರುತ್ತದೆ. ಬಾಲಕ್ಕೆ ಪಟಾಕಿ ಕಟ್ಟುವುದು, ಮೈಮೇಲೆ ಎಸೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಅಡಿ ಅಪರಾಧ, ಅಂಗ ಊನವಾದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಕೂಡ ಅನ್ವಯಿಸುತ್ತದೆ.

ಹಬ್ಬ ಮುಗಿದ ಮೇಲೆ ಎರಡು ದಿನ ಗಮನಿಸಿ. ಬೆಚ್ಚಿದ ನಾಯಿ ಮಾರನೆಯ ದಿನಕ್ಕೆ ಉಣ್ಣುತ್ತದೆ, ಬಾಲ ಎತ್ತಿ ಗೇಟಿನವರೆಗೆ ಬರುತ್ತದೆ. 48 ಗಂಟೆ ಕಳೆದರೂ ಊಟ ಮುಟ್ಟದಿದ್ದರೆ, ಕತ್ತಲಾದ ಮೇಲೆ ಹೊರಬರಲು ಒಪ್ಪದಿದ್ದರೆ, ಬಾಗಿಲು ಪರಚಿ ಉಗುರು ಹಲ್ಲು ಮುರಿದುಕೊಂಡಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ಯಾವ ದಿನ, ಯಾವ ಸದ್ದಿಗೆ, ಎಷ್ಟು ಹೊತ್ತು ಎಂದು ಬರೆದಿಟ್ಟ ಹಾಳೆಯೂ ಆ ವಿಡಿಯೊವೂ ಇದ್ದರೆ ವೈದ್ಯರ ಕೆಲಸ ಹಗುರವಾಗುತ್ತದೆ. ಮುಂದಿನ ಗಣೇಶನ ಮೆರವಣಿಗೆಗೆ ಮುಂಚೆಯೇ ಮೊದಲ ಭೇಟಿ ಮುಗಿದಿರಲಿ.